ಮೂರನೇ ಬೇಸಿಗೆಗೆ ಸೋತ ನೆಲ: ಒಂದು ಕಚೇರಿ ಕಟ್ಟಡದ ಹೀಟ್ ಪಂಪ್ ಪ್ರಕರಣ

ಬೇಸಿಗೆಯಲ್ಲಿ ಕಟ್ಟಡದ ಶಾಖವನ್ನು ನೆಲಕ್ಕಿಳಿಸಿ, ಚಳಿಗಾಲದಲ್ಲಿ ಅದನ್ನೇ ಮೇಲೆತ್ತಿ ಬಳಸುವುದು ನೆಲಮೂಲದ ಹೀಟ್ ಪಂಪ್‌ನ ಸೊಗಸು. ಇಳಿಸಿದ್ದಕ್ಕೂ ಎತ್ತಿದ್ದಕ್ಕೂ ವರ್ಷದ ಕೊನೆಗೆ ತಾಳೆಯಾಗದಿದ್ದರೆ ಏನಾಗುತ್ತದೆ ಎಂಬುದನ್ನು ಈ ಪ್ರಕರಣ ತೋರಿಸುತ್ತದೆ. ಇಲ್ಲಿ ಬೋರ್ ಕೊರೆದವರು ತಪ್ಪು ಮಾಡಿರಲಿಲ್ಲ, ಯಂತ್ರಗಳೂ ಕೆಟ್ಟಿರಲಿಲ್ಲ. ಆದರೂ ಮೂರನೇ ಬೇಸಿಗೆಯಲ್ಲಿ ಕಟ್ಟಡ ತಣ್ಣಗಾಗಲಿಲ್ಲ.

ಕಟ್ಟಡ ಯಾರದು, ಎಲ್ಲಿಯದು ಎಂಬ ಗುರುತುಗಳನ್ನು ಬಿಡಲಾಗಿದೆ. ಓದಲು ಸುಲಭವಾಗಲೆಂದು ಅಂಕಿಗಳನ್ನು ಹತ್ತಿರದ ಸಂಖ್ಯೆಗೆ ತರಲಾಗಿದೆ. ತಾಪವೆಲ್ಲ ಸೆಲ್ಸಿಯಸ್‌ನಲ್ಲಿದೆ. ಶಾಖಕ್ಕೂ ವಿದ್ಯುತ್ತಿಗೂ ಒಂದೇ ಅಳತೆ ಇಟ್ಟುಕೊಂಡಿದೆ, ಯುನಿಟ್; ಅಂದರೆ ಒಂದು ಕಿಲೋವ್ಯಾಟ್ ಗಂಟೆ.

ಹಿನ್ನೆಲೆ

ಮೂರು ಅಂತಸ್ತಿನ ಕಟ್ಟಡ, ಒಟ್ಟು ವಿಸ್ತೀರ್ಣ 4,200 ಚದರ ಮೀಟರ್. ಕಚೇರಿಗಳ ಜೊತೆಗೆ ಒಂದು ಸಭಾಂಗಣ, ನೆಲಮಹಡಿಯಲ್ಲಿ ಒಂದು ಸಣ್ಣ ಸರ್ವರ್ ಕೋಣೆ. ಚಳಿಗಾಲದ ರಾತ್ರಿ ತಾಪ ಸೊನ್ನೆಗಿಂತ ಕೆಳಗಿಳಿಯುವ, ಬೇಸಿಗೆಯ ಮಧ್ಯಾಹ್ನ 38 ಡಿಗ್ರಿ ಮುಟ್ಟುವ ಹವೆ. ಬಿಸಿಯೂ ಬೇಕು, ತಂಪೂ ಬೇಕು. ಇಂಥ ಕಡೆಗೇ ನೆಲಮೂಲದ ವ್ಯವಸ್ಥೆ ಚೆನ್ನಾಗಿ ಹೊಂದುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವೂ ಹೌದು.

ತಂಪಿನ ಗರಿಷ್ಠ ಬೇಡಿಕೆ 280 ಕಿಲೋವ್ಯಾಟ್, ಬಿಸಿಯ ಗರಿಷ್ಠ ಬೇಡಿಕೆ 190 ಕಿಲೋವ್ಯಾಟ್ ಎಂದು ವಿನ್ಯಾಸಕರು ಅಂದಾಜು ಮಾಡಿದ್ದರು. ಅದಕ್ಕೆ ಆರು ಹೀಟ್ ಪಂಪ್‌ಗಳು. ನೆಲದಲ್ಲಿ 110 ಮೀಟರ್ ಆಳದ 48 ಬೋರ್‌ಗಳು, 6 ಸಾಲು, ಸಾಲಿಗೆ 8, ನಡುವೆ 5 ಮೀಟರ್ ಅಂತರ. ಇವು ನೀರೆತ್ತುವ ಕೊಳವೆಬಾವಿಗಳಲ್ಲ. ಒಂದೊಂದರಲ್ಲೂ 40 ಮಿಲಿಮೀಟರ್ ವ್ಯಾಸದ ಪಿಇ-100 (ಪಾಲಿಎಥಿಲೀನ್ ಪ್ಲಾಸ್ಟಿಕ್) ಪೈಪು ತಳದವರೆಗೆ ಇಳಿದು, ಯು ಆಕಾರದಲ್ಲಿ ತಿರುಗಿ ಮೇಲೆ ಬರುತ್ತದೆ. ಇಂಥ ಒಂದು ಸುತ್ತನ್ನೂ, ಇವೆಲ್ಲ ಸೇರಿದ ಪೈಪುಜಾಲವನ್ನೂ ಲೂಪ್ ಎನ್ನುತ್ತಾರೆ. ಪೈಪಿನ ಸುತ್ತ ಉಳಿದ ಜಾಗಕ್ಕೆ ತಳದಿಂದ ಮೇಲಕ್ಕೆ ಗ್ರೌಟ್, ಅಂದರೆ ತುಂಬಿದ ಮೇಲೆ ಗಟ್ಟಿಯಾಗುವ ಗಾರೆ, ತುಂಬಲಾಗಿದೆ. ಎಂಟೆಂಟು ಬೋರ್‌ಗಳು ಪೈಪುಗಳನ್ನು ಒಟ್ಟುಗೂಡಿಸುವ ಒಂದೊಂದು ಮ್ಯಾನಿಫೋಲ್ಡ್ ಗುಂಡಿಗೆ ಸೇರುತ್ತವೆ, ಹೀಗೆ ಆರು ಗುಂಡಿಗಳು. ಪೈಪಿನೊಳಗೆ ಓಡುವುದು ನೀರು ಮತ್ತು ಹೆಪ್ಪುಗಟ್ಟದಂತೆ ತಡೆಯಲು ಶೇ. 25ರಷ್ಟು ಪ್ರೊಪಿಲೀನ್ ಗ್ಲೈಕಾಲ್.

ಕೆಲಸ ಶುರುವಾಗುವ ಮೊದಲು ಒಂದು ಪರೀಕ್ಷಾ ಬೋರ್ ಕೊರೆದು ನೆಲದ ಶಾಖ ಪ್ರತಿಕ್ರಿಯೆಯ ಪರೀಕ್ಷೆಯನ್ನೂ ಮಾಡಿದ್ದರು. ಹೀಟರ್‌ನಿಂದ ಮೀಟರಿಗೆ 60 ವ್ಯಾಟ್‌ನಂತೆ 60 ಗಂಟೆ ಎಡೆಬಿಡದೆ ಶಾಖ ಕೊಟ್ಟು, ದ್ರವದ ತಾಪ ಏರುವ ಬಗೆಯನ್ನು ದಾಖಲಿಸಿದರು. ನೆಲದ ಶಾಖವಾಹಕತೆ 1.9, ಬೋರ್‌ನ ಶಾಖರೋಧ 0.11, ಮುಟ್ಟದ ನೆಲದ ಸರಾಸರಿ ತಾಪ 16.2 ಡಿಗ್ರಿ ಎಂದು ಬಂತು. ಮೂರೂ ಒಳ್ಳೆಯ ಅಂಕಿಗಳು. ಮುಂದೆ ತನಿಖೆ ನಡೆದಾಗ ಈ ಪರೀಕ್ಷೆಯಲ್ಲಿ ಒಂದು ಹುಳುಕೂ ಸಿಗಲಿಲ್ಲ.

ಹುಳುಕಿದ್ದದ್ದು ವಿನ್ಯಾಸದ ವರದಿಯ ಒಂದು ಸಾಲಿನಲ್ಲಿ: "ವರ್ಷಕ್ಕೆ ಬಿಸಿ 2.6 ಲಕ್ಷ ಯುನಿಟ್, ತಂಪು 2.4 ಲಕ್ಷ ಯುನಿಟ್. ಆದ್ದರಿಂದ ನೆಲದ ಮೇಲಿನ ಹೊರೆ ಸಮತೋಲದಲ್ಲಿದೆ."

ಈ "ಆದ್ದರಿಂದ" ಎಂಬ ಪದದ ಹಿಂದೆ ಯಾವ ಲೆಕ್ಕವೂ ಇರಲಿಲ್ಲ. ಆ ಲೆಕ್ಕ ಹೇಗಿರಬೇಕಿತ್ತು ಎಂಬುದನ್ನು ಮುಂದೆ ನೋಡೋಣ.

ತೊಂದರೆ ಕಾಣಿಸಿಕೊಂಡ ಬಗೆ

ಮೊದಲ ಬೇಸಿಗೆಯಲ್ಲಿ ನೆಲದಿಂದ ಹೀಟ್ ಪಂಪ್‌ಗೆ ಬರುವ ದ್ರವದ ತಾಪ ಹೆಚ್ಚೆಂದರೆ 28 ಡಿಗ್ರಿ ಮುಟ್ಟಿತ್ತು. ಎರಡನೆಯ ಬೇಸಿಗೆಯಲ್ಲಿ 31.5. ವಿನ್ಯಾಸದ ಮಿತಿ 32 ಆಗಿದ್ದರಿಂದ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ನಿಯಂತ್ರಣ ಕೋಣೆಯ ಪರದೆಯ ಮೇಲೆ ಆ ಅಂಕಿ ಹಸಿರಾಗಿಯೇ ಇತ್ತು. ವರ್ಷದಿಂದ ವರ್ಷಕ್ಕೆ 3.5 ಡಿಗ್ರಿ ಏರಿದೆ ಎಂದು ಹೇಳುವ ಬಣ್ಣ ಆ ಪರದೆಯಲ್ಲಿ ಇರಲಿಲ್ಲ.

ಮೂರನೆಯ ಬೇಸಿಗೆಯ ನಡುವೆ, ಮಧ್ಯಾಹ್ನ ಮೂರರ ಹೊತ್ತಿಗೆ ಎರಡು ಯಂತ್ರಗಳು ತಾವಾಗಿ ನಿಂತವು. ವಾರ ಕಳೆಯುವುದರೊಳಗೆ ನಾಲ್ಕು ನಿಲ್ಲತೊಡಗಿದವು. ಬರುವ ದ್ರವ 35.4 ಡಿಗ್ರಿ, ಯಂತ್ರದೊಳಗೆ ಇನ್ನೊಂದು 5 ಡಿಗ್ರಿ ಏರಿ ಹೊರಡುವಾಗ 40 ದಾಟುತ್ತಿತ್ತು. ಹೊರಡುವ ದ್ರವ 40 ಡಿಗ್ರಿ ದಾಟಿದರೆ ಯಂತ್ರ ನಿಲ್ಲಬೇಕೆಂದು ಕಂಟ್ರೋಲರ್‌ನಲ್ಲಿ ಮಿತಿ ಹಾಕಿತ್ತು. ಆ ಮಿತಿಗೆ ಕಾರಣವೂ ಇತ್ತು. ಪಿಇ ಪೈಪಿನ ಒತ್ತಡ ತಾಳುವ ಶಕ್ತಿಯನ್ನು 20 ಡಿಗ್ರಿಗೆ ಲೆಕ್ಕಹಾಕಿ ಹೇಳಿರುತ್ತಾರೆ. 40 ಡಿಗ್ರಿಯಲ್ಲಿ ಅದು ಮುಕ್ಕಾಲಿಗೆ ಇಳಿಯುತ್ತದೆ.

ತಂಪಿನ ಸಿಒಪಿಯೂ, ಅಂದರೆ ಒಂದು ಯುನಿಟ್ ವಿದ್ಯುತ್ತಿಗೆ ಎಷ್ಟು ಯುನಿಟ್ ತಂಪು ಅಥವಾ ಬಿಸಿ ಸಿಗುತ್ತದೆ ಎಂಬ ಅಳತೆಯೂ, ಕುಸಿದಿತ್ತು. ಒಂದು ಯುನಿಟ್ ವಿದ್ಯುತ್ತಿಗೆ ವರ್ಷದ ಸರಾಸರಿಯಲ್ಲಿ 4.5 ಯುನಿಟ್ ತಂಪು ಸಿಗಬೇಕಾದ ಕಡೆ 3.6 ಸಿಗುತ್ತಿತ್ತು.

ಮೊದಲ ಪ್ರಯತ್ನಗಳು

ನಿರ್ವಹಣಾ ತಂಡ ಮೊದಲು ಯಂತ್ರಗಳನ್ನೇ ಅನುಮಾನಿಸಿತು. ಸ್ಟ್ರೈನರ್‌ಗಳನ್ನು ಬಿಚ್ಚಿ ತೊಳೆದರು, ಪ್ಲೇಟ್ ಹೀಟ್ ಎಕ್ಸ್‌ಚೇಂಜರ್‌ಗಳನ್ನು ಆಮ್ಲದ್ರಾವಣದಿಂದ ಶುಚಿ ಮಾಡಿದರು, ರೆಫ್ರಿಜರೆಂಟ್ ಪ್ರಮಾಣ ನೋಡಿದರು. ಏನೂ ಬದಲಾಗಲಿಲ್ಲ. ಆಗಬೇಕಾದ್ದೂ ಇರಲಿಲ್ಲ. ಯಂತ್ರಕ್ಕೆ ಬರುವ ದ್ರವವೇ 35 ಡಿಗ್ರಿ ಇದ್ದಾಗ ದೋಷ ಯಂತ್ರಕ್ಕೆ ಮೊದಲೇ, ನೆಲದ ಕಡೆಯಲ್ಲೇ ಇದೆ. ಎಕ್ಸ್‌ಚೇಂಜರ್‌ನಲ್ಲಿ ಕಿಲುಬು ಕಟ್ಟಿದ್ದರೆ ಬರುವ ದ್ರವ ತಣ್ಣಗೇ ಇದ್ದು ಕಂಡೆನ್ಸರ್ ಒತ್ತಡ ಮಾತ್ರ ಏರುತ್ತಿತ್ತು. ಈ ಒಂದು ವ್ಯತ್ಯಾಸವನ್ನು ಗಮನಿಸಿದ್ದರೆ ಹತ್ತು ದಿನ ಉಳಿಯುತ್ತಿತ್ತು.

ಎರಡನೆಯ ಹೆಜ್ಜೆ ಇದಕ್ಕಿಂತ ಕೆಟ್ಟದ್ದು. 40 ಡಿಗ್ರಿಯ ಮಿತಿಯನ್ನು 45ಕ್ಕೆ ಏರಿಸಿದರು. ಅಲಾರಾಂ ನಿಂತಿತು. ಎರಡು ವಾರ ಎಲ್ಲರಿಗೂ ನೆಮ್ಮದಿ. ಆ ಎರಡು ವಾರ ಯಂತ್ರಗಳು ಕಡಿಮೆ ದಕ್ಷತೆಯಲ್ಲಿ ಹೆಚ್ಚು ವಿದ್ಯುತ್ ಉಂಡು, ಆ ವಿದ್ಯುತ್ತಿನ ಶಾಖವನ್ನೂ ಸೇರಿಸಿ ಅದೇ ನೆಲಕ್ಕೆ ತುಂಬಿದವು. ರಕ್ಷಣೆಗೆಂದು ಇಟ್ಟ ಮಿತಿಯನ್ನು ಸರಿಸುವ ಮೊದಲು ಅದನ್ನು ಯಾಕೆ ಇಟ್ಟಿದ್ದರು ಎಂದು ಒಬ್ಬರಾದರೂ ಕೇಳಬೇಕಿತ್ತು.

ಮೂರನೆಯ ಅನುಮಾನ ಲೂಪ್‌ನೊಳಗಿನ ಗಾಳಿ ಮತ್ತು ಹರಿವಿನ ಮೇಲೆ. ಇದು ನ್ಯಾಯವಾದ ಅನುಮಾನ. ಮೇಲಿನ ತಿರುವುಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಕೆಲವು ಬೋರ್‌ಗಳಲ್ಲಿ ದ್ರವವೇ ಓಡುವುದಿಲ್ಲ. 48ರಲ್ಲಿ ಎಂಟು ಬೋರ್ ಸುಮ್ಮನಿದ್ದರೂ ಉಳಿದ ನಲವತ್ತರ ಮೇಲೆ ಹೊರೆ ಬೀಳುತ್ತದೆ. ಗಾಳಿ ತೆಗೆಯಲು ಪ್ರತಿ ಪೈಪಿನಲ್ಲೂ ದ್ರವ ಸೆಕೆಂಡಿಗೆ 0.6 ಮೀಟರ್ ವೇಗದಲ್ಲಿ ಓಡಬೇಕು. ಈ ಪೈಪಿಗೆ ಅದು ಲೂಪ್ ಒಂದಕ್ಕೆ ಸೆಕೆಂಡಿಗೆ ಅರ್ಧ ಲೀಟರ್. ಕಟ್ಟಡದ ಪಂಪು ಗರಿಷ್ಠದಲ್ಲೂ ಲೂಪಿಗೆ 0.34 ಲೀಟರ್ ಮಾತ್ರ ಕೊಡುತ್ತಿತ್ತು. ಹಾಗಾಗಿ ಬೇರೆ ಫ್ಲಶಿಂಗ್ ಪಂಪ್ ತಂದು, ಒಂದೊಂದು ಗುಂಡಿಯನ್ನೇ ತೆಗೆದುಕೊಂಡು, ಎರಡೂ ದಿಕ್ಕಿಗೆ ಓಡಿಸಿದರು. ಮುಗಿದಿದೆಯೇ ಎಂದು ತಿಳಿಯುವ ಬಗೆ ಸರಳವಾಗಿದೆ. ಫ್ಲಶಿಂಗ್ ತೊಟ್ಟಿಗೆ ಮರಳಿ ಬರುವ ವಾಲ್ವನ್ನು ಮುಚ್ಚಿ ಪಂಪಿನ ಒತ್ತಡವನ್ನು ಲೂಪ್ ಮೇಲೆ ಬಿಟ್ಟಾಗ ತೊಟ್ಟಿಯ ಮಟ್ಟ ಸರ್ರನೆ ಇಳಿದರೆ ಒಳಗೆ ಗಾಳಿ ಇನ್ನೂ ಇದೆ ಎಂದರ್ಥ. ನೀರು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ.

ಇಲ್ಲಿ ಗಾಳಿ ಹೆಚ್ಚೇನೂ ಇರಲಿಲ್ಲ. ಆದರೆ ನಾಲ್ಕನೇ ಗುಂಡಿಯ ಬ್ಯಾಲೆನ್ಸಿಂಗ್ ವಾಲ್ವ್ ಅರ್ಧ ಮುಚ್ಚಿಕೊಂಡಿದ್ದು, ಆ ಎಂಟು ಬೋರ್‌ಗಳಿಗೆ ಹರಿವು ಶೇ. 40ರಷ್ಟು ಕಡಿಮೆ ಇದ್ದದ್ದು ಸಿಕ್ಕಿತು. ಸರಿಪಡಿಸಿದರು. ಬರುವ ದ್ರವದ ತಾಪ 0.8 ಡಿಗ್ರಿ ಇಳಿಯಿತು.

ಈ 0.8 ಡಿಗ್ರಿ ತಂಡದ ಕಣ್ಣು ಕಟ್ಟಿತು. ಒಂದು ನಿಜವಾದ ದೋಷ ಸಿಕ್ಕಿದೆ, ತಾಪವೂ ಸ್ವಲ್ಪ ಇಳಿದಿದೆ. ಅಂದಮೇಲೆ ಇದೇ ದಾರಿ ಸರಿ, ಇಂಥದ್ದೇ ಇನ್ನೂ ನಾಲ್ಕು ಸಿಗುತ್ತವೆ ಎಂದು ಮತ್ತೊಂದು ತಿಂಗಳು ವಾಲ್ವ್‌ಗಳ ಹಿಂದೆಯೇ ಬಿದ್ದರು. ಅದೇ ಹೊತ್ತಿಗೆ ಲೂಪ್ ಒತ್ತಡ 2 ಬಾರ್‌ನಿಂದ 1.4ಕ್ಕೆ ಇಳಿದದ್ದು ಕಂಡು ಸೋರಿಕೆಯ ಹುಡುಕಾಟವೂ ಶುರುವಾಯಿತು. ಸೋರಿಕೆ ಎಲ್ಲೂ ಇರಲಿಲ್ಲ. ಪಿಇ ಪೈಪು ಬಿಸಿಯಾದಾಗ ಮೆದುವಾಗಿ ಹಿಗ್ಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ. ಚಳಿಗಾಲದಲ್ಲಿ ತಾನಾಗಿ ಏರುತ್ತದೆ. ಇಂಥ ಲೂಪ್‌ಗಳಲ್ಲಿ ಋತುಮಾನಕ್ಕೆ ತಕ್ಕಂತೆ ಒತ್ತಡ ಏರಿಳಿಯುವುದು ಸಹಜ. ಪ್ರತಿ ಇಳಿತಕ್ಕೂ ಗ್ಲೈಕಾಲ್ ತುಂಬುತ್ತ ಹೋದರೆ ಚಳಿಗಾಲದಲ್ಲಿ ಸೇಫ್ಟಿ ವಾಲ್ವ್ ತೆರೆದುಕೊಳ್ಳುತ್ತದೆ.

ತಿರುವು: ಅರವತ್ತು ಗಂಟೆಯ ವಿಶ್ರಾಂತಿ

ಬೇಸಿಗೆ ಮುಗಿಯುವ ಹೊತ್ತಿಗೆ ಗುತ್ತಿಗೆದಾರರು ಇನ್ನೂ 24 ಬೋರ್ ಕೊರೆಯುವ ಪ್ರಸ್ತಾವ ತಂದರು. ಒಪ್ಪಿಗೆಗೆ ಮೊದಲು ಸ್ವತಂತ್ರ ಪರಿಶೀಲಕರೊಬ್ಬರು ಒಂದೇ ಒಂದು ಅಳತೆ ಕೇಳಿದರು: ಈಗ ನೆಲದ ತಾಪ ಎಷ್ಟು? ಯಾರ ಬಳಿಯೂ ಉತ್ತರ ಇರಲಿಲ್ಲ. ಎಲ್ಲರೂ ಓಡುವ ದ್ರವದ ತಾಪ ನೋಡುತ್ತಿದ್ದರು, ನೆಲದ್ದನ್ನಲ್ಲ.

ಅಳೆದ ವಿಧಾನವನ್ನು ವಿವರವಾಗಿ ಹೇಳುವುದು ಒಳ್ಳೆಯದು. ಇದಕ್ಕೆ ದುಬಾರಿ ಉಪಕರಣ ಬೇಡ. ಎಲ್ಲೇ ಆದರೂ ಮಾಡಬಹುದು. ಸಾಲು ರಜೆ ಸಿಕ್ಕಾಗ ಹೀಟ್ ಪಂಪ್‌ಗಳನ್ನೂ ಲೂಪ್ ಪಂಪನ್ನೂ 60 ಗಂಟೆ ಪೂರ್ತಿ ನಿಲ್ಲಿಸಿದರು. ಸರ್ವರ್ ಕೋಣೆಗೆ ತಾತ್ಕಾಲಿಕ ಎಸಿ ಇಟ್ಟರು. ಅಷ್ಟು ಹೊತ್ತಿನಲ್ಲಿ ಪೈಪಿನೊಳಗೆ ನಿಂತ ದ್ರವ ತನ್ನ ಸುತ್ತಲಿನ ನೆಲದ ತಾಪಕ್ಕೆ ಬರುತ್ತದೆ. ಆಮೇಲೆ ಗುಂಡಿಯಲ್ಲಿ ಒಂದು ಲೂಪಿನ ವಾಲ್ವ್ ಮಾತ್ರ ತೆರೆದು, ಪಂಪನ್ನು ಕನಿಷ್ಠ ವೇಗದಲ್ಲಿ ಓಡಿಸಿ, ಹೊರಬರುವ ದ್ರವದ ತಾಪವನ್ನು ಹತ್ತು ಸೆಕೆಂಡಿಗೊಮ್ಮೆ ಬರೆದುಕೊಂಡರು. 220 ಮೀಟರ್ ಪೈಪಿನಲ್ಲಿ ಸುಮಾರು 184 ಲೀಟರ್ ಇರುತ್ತದೆ, ಸೆಕೆಂಡಿಗೆ 0.34 ಲೀಟರ್ ಹರಿವಿನಲ್ಲಿ ಅದು ಒಂಬತ್ತು ನಿಮಿಷದಲ್ಲಿ ಒಂದು ಸುತ್ತು ಪೂರ್ತಿ ಹೊರಬರುತ್ತದೆ. ಆ ಒಂಬತ್ತು ನಿಮಿಷದ ಸರಾಸರಿಯೇ ಬೋರ್‌ನ ಉದ್ದಕ್ಕೂ ಇರುವ ನೆಲದ ಸರಾಸರಿ ತಾಪ. ಅಲ್ಲಿಗೇ ನಿಲ್ಲಿಸಬೇಕು. ಮುಂದುವರಿಸಿದರೆ ಪಂಪಿನ ಶಾಖ ಸೇರಿ ಅಂಕಿ ಕೆಡುತ್ತದೆ.

ಹೀಗೆ ಹನ್ನೆರಡು ಬೋರ್ ಅಳೆದರು. ಮೂಲೆಯವು 21.5 ಡಿಗ್ರಿ, ಅಂಚಿನವು 23.4, ಒಳಗಿನವು 26.1. ಕಟ್ಟುವಾಗ ಎಲ್ಲೆಡೆ 16.2 ಇತ್ತು. 24 ಒಳಗಿನ, 20 ಅಂಚಿನ, 4 ಮೂಲೆಯ ಬೋರ್‌ಗಳಿಗೆ ತಕ್ಕಂತೆ ತೂಗಿ ನೋಡಿದರೆ ಸರಾಸರಿ 24.6; ಮೂರು ಬೇಸಿಗೆಯಲ್ಲಿ 8.4 ಡಿಗ್ರಿ ಏರಿಕೆ.

ಒಳಗಿನವು ಹೆಚ್ಚು, ಮೂಲೆಯವು ಕಡಿಮೆ ಎಂಬ ಈ ಏಣಿಯೇ ರೋಗವನ್ನು ಹೇಳುತ್ತದೆ. ಹರಿವಿನ ದೋಷವಾಗಿದ್ದರೆ ತಾಪ ಗುಂಡಿಯಿಂದ ಗುಂಡಿಗೆ ಬೇರೆಯಾಗುತ್ತಿತ್ತು. ಗ್ರೌಟ್ ಕೆಟ್ಟಿದ್ದರೆ ಬೋರ್‌ನಿಂದ ಬೋರ್‌ಗೆ ಅಡ್ಡಾದಿಡ್ಡಿ ಇರುತ್ತಿತ್ತು. ನಡುವೆ ಬಿಸಿ, ಸುತ್ತ ತಂಪು ಎಂದರೆ ಶಾಖ ಹೊರಗೆ ಹೋಗಲು ದಾರಿಯಿಲ್ಲದೆ ಮಧ್ಯದಲ್ಲಿ ಕೂತಿದೆ.

ಕಾಗದದ ಮೇಲಿನ ಲೆಕ್ಕ

ಇನ್ನು ವಿನ್ಯಾಸದ ಆ ಸಾಲಿಗೆ ಬರೋಣ. ಕಟ್ಟಡದ ಬಿಸಿ ಮತ್ತು ತಂಪು ಸಮನಾಗಿದ್ದರೂ ನೆಲದ ಲೆಕ್ಕ ಸಮನಾಗುವುದಿಲ್ಲ. ನಡುವೆ ಕಂಪ್ರೆಸರ್ ಇದೆ. ಚಳಿಗಾಲದಲ್ಲಿ ಕಂಪ್ರೆಸರ್ ಉಣ್ಣುವ ವಿದ್ಯುತ್ತೂ ಬಿಸಿಯಾಗಿ ಕಟ್ಟಡಕ್ಕೇ ಸೇರುತ್ತದೆ, ಹಾಗಾಗಿ ನೆಲದಿಂದ ತೆಗೆಯುವುದು ಕಡಿಮೆ. ಬೇಸಿಗೆಯಲ್ಲಿ ಕಟ್ಟಡದ ಶಾಖದ ಜೊತೆ ಅದೇ ವಿದ್ಯುತ್ತು ಶಾಖವಾಗಿ ನೆಲಕ್ಕೆ ಹೋಗುತ್ತದೆ.

ವಿನ್ಯಾಸದ ಅಂಕಿಗಳನ್ನೇ ತೆಗೆದುಕೊಳ್ಳಿ. 2.6 ಲಕ್ಷ ಯುನಿಟ್ ಬಿಸಿಗೆ, ಸಿಒಪಿ 4 ಇದ್ದರೆ, ನೆಲದಿಂದ ಬರುವುದು 1.95 ಲಕ್ಷ. 2.4 ಲಕ್ಷ ಯುನಿಟ್ ತಂಪಿಗೆ, ಸಿಒಪಿ 4.5 ಇದ್ದರೆ, ನೆಲಕ್ಕೆ ಹೋಗುವುದು 2.93 ಲಕ್ಷ. "ಸಮತೋಲದಲ್ಲಿದೆ" ಎಂದ ವಿನ್ಯಾಸದಲ್ಲೇ ವರ್ಷಕ್ಕೆ 98 ಸಾವಿರ ಯುನಿಟ್ ಶಾಖ ನೆಲದಲ್ಲಿ ಮಿಗುತ್ತಿತ್ತು.

ವಾಸ್ತವ ಇದಕ್ಕಿಂತ ಬಹಳ ದೂರ ಹೋಗಿತ್ತು. ಸರ್ವರ್ ಕೋಣೆಗೆ 6 ಕಿಲೋವ್ಯಾಟ್ ಎಂದು ಹಿಡಿದಿದ್ದು ಬಳಕೆಗೆ ಬಂದಮೇಲೆ 18 ಆಗಿತ್ತು. ಹೆಚ್ಚಾದ 12 ಕಿಲೋವ್ಯಾಟ್ ಕೇಳಲು ಚಿಕ್ಕದು. ಆದರೆ ಅದು ಹಗಲು ರಾತ್ರಿ, ವರ್ಷದ 8,760 ಗಂಟೆಯೂ ಓಡುತ್ತದೆ. ವರ್ಷಕ್ಕೆ 1.05 ಲಕ್ಷ ಯುನಿಟ್. ಪಶ್ಚಿಮದ ಗಾಜಿಗೆ ಹೊರಗಿನ ನೆರಳುಪಟ್ಟಿಗಳನ್ನು ಖರ್ಚಿನ ಕಾರಣಕ್ಕೆ ಕೈಬಿಟ್ಟಿದ್ದರು. ಸಭಾಂಗಣದ ಗಾಳಿ ಯಂತ್ರ, ಪರೀಕ್ಷೆಗೆಂದು ಹಾಕಿದ ಇಪ್ಪತ್ನಾಲ್ಕು ಗಂಟೆಯ ವೇಳಾಪಟ್ಟಿಯಲ್ಲೇ ಉಳಿದುಬಿಟ್ಟಿತ್ತು. ಖಾಲಿ ಸಭಾಂಗಣಕ್ಕೆ ರಾತ್ರಿಯಿಡೀ ಹೊರಗಿನ ಗಾಳಿ ತಂದು ತಣ್ಣಗೆ ಮಾಡುತ್ತಿತ್ತು. ಒಟ್ಟು ತಂಪು 4.1 ಲಕ್ಷಕ್ಕೆ ಏರಿತ್ತು. ಒಳಗಿನ ಕಂಪ್ಯೂಟರುಗಳ ಶಾಖದಿಂದ ಬಿಸಿಯ ಬೇಡಿಕೆ 2.1 ಲಕ್ಷಕ್ಕೆ ಇಳಿದಿತ್ತು. ಮೂರನೇ ವರ್ಷ ನೆಲಕ್ಕೆ ಹೋದದ್ದು 5.24 ಲಕ್ಷ, ತೆಗೆದದ್ದು 1.6 ಲಕ್ಷ. ಮಿಕ್ಕಿದ್ದು 3.64 ಲಕ್ಷ ಯುನಿಟ್.

ಈಗ ಇದನ್ನು ನೆಲದ ತಾಪಕ್ಕೆ ತಿರುಗಿಸುವ ಕೈಲೆಕ್ಕ. ಬೋರ್‌ಗಳ ಕ್ಷೇತ್ರ 30 ಮೀಟರ್ ಅಗಲ, 40 ಮೀಟರ್ ಉದ್ದ, 110 ಮೀಟರ್ ಆಳ; 1,32,000 ಘನ ಮೀಟರ್ ನೆಲ. ಸಾಮಾನ್ಯ ಬಂಡೆ, ತೇವದ ಮಣ್ಣು ಘನ ಮೀಟರಿಗೆ ಒಂದು ಡಿಗ್ರಿ ಏರಲು ಸುಮಾರು 0.6 ಯುನಿಟ್ ಶಾಖ ಬೇಕು. ಗುಣಿಸಿದರೆ ಇಡೀ ಕ್ಷೇತ್ರ ಒಂದು ಡಿಗ್ರಿ ಏರಲು 80 ಸಾವಿರ ಯುನಿಟ್. ವರ್ಷಕ್ಕೆ 3.64 ಲಕ್ಷ ತುಂಬಿದರೆ, ಅಂಚಿನಿಂದ ಏನೂ ಸೋರದಿದ್ದರೆ, ನಾಲ್ಕೂವರೆ ಡಿಗ್ರಿ ಏರಬೇಕು. ಸೋರಿಕೆಯೂ ಇರುವುದರಿಂದ ಕಂಡದ್ದು ಅದಕ್ಕಿಂತ ಕಡಿಮೆ. ಕ್ಷೇತ್ರದಲ್ಲಿ ಆಗ ಶೇಖರವಾಗಿದ್ದ ಹೆಚ್ಚಿನ ಶಾಖ ಸುಮಾರು 6.7 ಲಕ್ಷ ಯುನಿಟ್.

ಅಂಗೈಯಗಲದ ಕಾಗದದಲ್ಲಿ ಹಿಡಿಯುವ ಈ ಲೆಕ್ಕವನ್ನು ವಿನ್ಯಾಸದ ಹಂತದಲ್ಲಿ ಮಾಡಿದ್ದರೆ ಸಾಕಿತ್ತು ಎಂಬುದೇ ಈ ಪ್ರಕರಣದ ನೋವು.

ಶಾಖ ಮೀಟರ್ ಇರಲಿಲ್ಲವೇ ಎಂದರೆ, ಇತ್ತು. ಆದರೆ ಅದು ಒಂದೇ ದಿಕ್ಕಿನ ಶಾಖ ಎಣಿಸುವಂತೆ ಹೊಂದಿಸಿದ ಮೀಟರ್. ಚಳಿಗಾಲದಲ್ಲಿ ತೆಗೆದದ್ದನ್ನು ಎಣಿಸಿತು, ಬೇಸಿಗೆಯಲ್ಲಿ ತುಂಬಿದ್ದನ್ನು ಎಣಿಸಲಿಲ್ಲ. ಸಾಲದ್ದಕ್ಕೆ ಅದನ್ನು ಶುದ್ಧ ನೀರಿಗೆ ಹೊಂದಿಸಲಾಗಿತ್ತು. ಗ್ಲೈಕಾಲ್ ಬೆರೆತ ದ್ರವಕ್ಕೆ ಆ ಅಂಕಿ ತಪ್ಪುತ್ತದೆ. ಮೇಲಿನ ಅಂಕಿಗಳು ಸಿಕ್ಕಿದ್ದು ತಣ್ಣೀರಿನ ಕಡೆಯ ಮೀಟರ್ ಮತ್ತು ಕಂಪ್ರೆಸರ್‌ಗಳ ವಿದ್ಯುತ್ ಮೀಟರ್ ಎರಡನ್ನೂ ಕೂಡಿಸಿ.

ಇನ್ನೊಂದು ಸಣ್ಣ ಎಡವಟ್ಟು. ಕೊರೆಯುವಾಗ 9 ಮೀಟರಿನಲ್ಲೇ ನೀರು ಸಿಕ್ಕಿತ್ತು, ಹಾಗಾಗಿ ಅಂತರ್ಜಲ ಶಾಖವನ್ನು ಹೊತ್ತೊಯ್ಯುತ್ತದೆ ಎಂಬ ನಂಬಿಕೆ ಬೆಳೆದಿತ್ತು. ನೀರಿರುವುದು ಬೇರೆ, ನೀರು ಹರಿಯುವುದು ಬೇರೆ. ನಿಂತ ನೀರು ಬಂಡೆಯ ಬಿರುಕು ತುಂಬಿ ಶಾಖವಾಹಕತೆಗೆ ನೆರವಾಗುತ್ತದೆಯೇ ಹೊರತು ಶಾಖವನ್ನು ಎಲ್ಲಿಗೂ ಒಯ್ಯುವುದಿಲ್ಲ.

ಆಯ್ಕೆಗಳು, ತೀರ್ಮಾನ

24 ಹೊಸ ಬೋರ್‌ಗಳ ಪ್ರಸ್ತಾವ ಈ ಲೆಕ್ಕದ ಮುಂದೆ ನಿಲ್ಲಲಿಲ್ಲ. ನೆಲದ ಗಾತ್ರ ಒಂದೂವರೆ ಪಟ್ಟಾಗುತ್ತಿತ್ತು, ಏರಿಕೆಯ ವೇಗ ಮೂರನೇ ಒಂದು ಪಾಲು ಕಡಿಮೆಯಾಗುತ್ತಿತ್ತು. ಏರಿಕೆ ಮಾತ್ರ ನಿಲ್ಲುತ್ತಿರಲಿಲ್ಲ. ಇದೇ ತೊಂದರೆ ಕೆಲವು ವರ್ಷ ತಡವಾಗಿ ಬರುತ್ತಿತ್ತು, ಅಷ್ಟೆ. ತೆರೆದ ಕೂಲಿಂಗ್ ಟವರ್ ಶಾಖ ಕಳೆಯುವುದರಲ್ಲಿ ಜಾಣ, ಆದರೆ ನೀರು ಕುಡಿಯುತ್ತದೆ, ಲೀಜಿಯನೆಲ್ಲಾ ಬ್ಯಾಕ್ಟೀರಿಯಾ ಬೆಳೆಯದಂತೆ ನೀರಿನ ಸಂಸ್ಕರಣೆ ಎಡೆಬಿಡದೆ ನಡೆಯಬೇಕು. ಅದಕ್ಕೆ ಬೇಕಾದ ಸಿಬ್ಬಂದಿ ಇಲ್ಲಿ ಇರಲಿಲ್ಲ.

ಉಳಿದದ್ದು ಮುಚ್ಚಿದ ಸುತ್ತಿನ ಡ್ರೈ ಕೂಲರ್, ಅಂದರೆ ಲೂಪಿನ ದ್ರವವನ್ನು ರೆಕ್ಕೆಪೈಪುಗಳಲ್ಲಿ ಓಡಿಸಿ ಫ್ಯಾನಿನಿಂದ ತಣಿಸುವ ಯಂತ್ರ. ಇಲ್ಲಿ ಗಾತ್ರದ ಬಗ್ಗೆ ಗಟ್ಟಿಯಾದ ಚರ್ಚೆ ನಡೆಯಿತು. ಬೇಸಿಗೆಯ ಮಧ್ಯಾಹ್ನದ ಗರಿಷ್ಠ ಹೊರೆಗೇ ಡ್ರೈ ಕೂಲರ್ ಬೇಕು ಎಂಬುದು ಒಂದು ವಾದ. ಹೊರಗೆ 38 ಡಿಗ್ರಿ ಇರುವಾಗ 35 ಡಿಗ್ರಿಯ ದ್ರವವನ್ನು ಗಾಳಿಗೆ ಹಿಡಿದರೆ ಅದು ಬಿಸಿಯಾಗಿ ವಾಪಸು ಬರುತ್ತದೆ! ಡ್ರೈ ಕೂಲರ್ ಕೆಲಸ ಮಾಡಬೇಕಾದ್ದು ಕಟ್ಟಡಕ್ಕೆ ಅದು ಬೇಡವಾದ ಹೊತ್ತಿನಲ್ಲಿ: ಬೇಸಿಗೆಗೆ ಮುಂಚಿನ, ಬೇಸಿಗೆಯ ನಂತರದ ತಂಪು ರಾತ್ರಿಗಳಲ್ಲಿ, ಚಳಿಗಾಲದ ರಾತ್ರಿಗಳಲ್ಲಿ. ಆಗ ನೆಲವನ್ನು ತಣಿಸಿಟ್ಟರೆ ಮಧ್ಯಾಹ್ನದ ಹೊರೆಯನ್ನು ನೆಲವೇ ಹೊರುತ್ತದೆ. ಈ ಮಾತು ಒಪ್ಪಿಗೆಯಾದ ಮೇಲೆ ಗಾತ್ರದ ಲೆಕ್ಕ ಕಿಲೋವ್ಯಾಟ್‌ನಿಂದ ವರ್ಷದ ಯುನಿಟ್‌ಗೆ ಬದಲಾಯಿತು. 120 ಕಿಲೋವ್ಯಾಟ್‌ನ ಕೂಲರ್ ವರ್ಷಕ್ಕೆ 2,800 ಗಂಟೆ ಓಡಿದರೆ ಸುಮಾರು 3.4 ಲಕ್ಷ ಯುನಿಟ್ ಹೊರಹಾಕುತ್ತದೆ. ಗರಿಷ್ಠ ಹೊರೆಗೆ ನೋಡಿದ್ದರೆ ಇದರ ಮೂರು ಪಟ್ಟು ಗಾತ್ರದ ಯಂತ್ರ ಬರುತ್ತಿತ್ತು, ಆದರೂ ಬೇಕಾದ ಹೊತ್ತಿನಲ್ಲಿ ಕೈಕೊಡುತ್ತಿತ್ತು.

ಗ್ಲೈಕಾಲ್ ತೆಗೆದು ಬರೀ ನೀರು ತುಂಬಿದರೆ ಪಂಪಿನ ವಿದ್ಯುತ್ ಉಳಿಯುತ್ತದೆ ಎಂಬ ಸಲಹೆಯೂ ಬಂದಿತ್ತು. ನೆಲ ಇಷ್ಟು ಬಿಸಿಯಿರುವಾಗ ಲೂಪಿಗೆ ಗ್ಲೈಕಾಲ್ ಅಗತ್ಯವಿರಲಿಲ್ಲ, ನಿಜ. ಆದರೆ ಡ್ರೈ ಕೂಲರ್ ಹೊರಗೆ ಹಿಮ ಬೀಳುವ ರಾತ್ರಿಯಲ್ಲಿ ನಿಲ್ಲುತ್ತದೆ. ಶೇ. 25ರ ಮಿಶ್ರಣ ಮೈನಸ್ 10 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಗ್ಲೈಕಾಲ್ ಉಳಿಯಿತು.

ಕೂಲರ್ ಜೊತೆಗೆ ಹೊರೆಯನ್ನೂ ಇಳಿಸಿದರು. ಸರ್ವರ್ ಕೋಣೆಯ ತಾಪವನ್ನು 19ರಿಂದ 25 ಡಿಗ್ರಿಗೆ ಏರಿಸಿದರು. ಇಂಥ ಉಪಕರಣಗಳಿಗೆ ಹವಾನಿಯಂತ್ರಣ ಎಂಜಿನಿಯರುಗಳ ಅಮೆರಿಕದ ಸಂಸ್ಥೆ ಆಶ್ರೇ (ASHRAE) ಶಿಫಾರಸು ಮಾಡುವ ವ್ಯಾಪ್ತಿ 18ರಿಂದ 27, ಹಾಗಾಗಿ ಅಪಾಯವೇನಿಲ್ಲ. ಹೊರಗೆ 15ಕ್ಕಿಂತ ಕಡಿಮೆ ಇದ್ದಾಗ ಕಂಪ್ರೆಸರ್ ಇಲ್ಲದೆ ಹೊರಗಾಳಿಯಿಂದಲೇ ತಣಿಯುವ ಸುರುಳಿಯನ್ನು ಆ ಕೋಣೆಗೆ ಕೊಟ್ಟರು. ಸಭಾಂಗಣದ ವೇಳಾಪಟ್ಟಿ ತಿದ್ದಿದ್ದು ಹತ್ತು ನಿಮಿಷದ ಕೆಲಸ. ನೆರಳುಪಟ್ಟಿಗಳು ಮುಂದಿನ ಬೇಸಿಗೆಗೆ ಬಂದವು. ತಂಪಿನ ಬೇಡಿಕೆ 4.1 ಲಕ್ಷದಿಂದ 3.3 ಲಕ್ಷಕ್ಕೆ ಇಳಿಯಿತು. ಹೊಸ ಯಂತ್ರ ಕೊಳ್ಳುವ ಮೊದಲು ಈ ಕೆಲಸಗಳು ಆಗಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕೂಡಿಸುವಾಗ ಆದ ತಪ್ಪುಗಳು

ಮುಖ್ಯ ಪೈಪಿನಲ್ಲಿ ಮುಂದೆ ಬೇಕಾದೀತೆಂದು ಬಿಟ್ಟ ಟೀ ಜೋಡಣೆ ಇರಲಿಲ್ಲ. ಆರೂ ಗುಂಡಿಗಳ ವಾಲ್ವ್ ಮುಚ್ಚಿ, ಮುಖ್ಯ ಪೈಪಿನ ಸುಮಾರು 4,000 ಲೀಟರ್ ದ್ರವವನ್ನು ತೊಟ್ಟಿಗಳಿಗೆ ಇಳಿಸಿ, ಪೈಪು ಕತ್ತರಿಸಿ ಕೂಡಿಸಬೇಕಾಯಿತು. ಕಟ್ಟುವಾಗಲೇ ವಾಲ್ವ್ ಹಾಕಿ ಬಾಯಿ ಮುಚ್ಚಿದ ಎರಡು ಟೀ ಬಿಟ್ಟಿದ್ದರೆ ಒಂದು ಮಧ್ಯಾಹ್ನದ ಕೆಲಸ. ಇದು ಐದು ದಿನ ಹಿಡಿಯಿತು.

ನಿಯಂತ್ರಣದ ಮೊದಲ ಸೂತ್ರ "ಹೊರಗೆ 12 ಡಿಗ್ರಿಗಿಂತ ಕಡಿಮೆ ಇದ್ದರೆ ಕೂಲರ್ ಓಡಲಿ" ಎಂದಿತ್ತು. ಚಳಿಗಾಲದ ಬೆಳಿಗ್ಗೆ ಎಂಟಕ್ಕೆ ಹೀಟ್ ಪಂಪ್‌ಗಳು ನೆಲದಿಂದ ಶಾಖ ಎಳೆದು ಕಟ್ಟಡ ಬಿಸಿ ಮಾಡುತ್ತಿದ್ದವು. ಅದೇ ದ್ರವದ ಶಾಖವನ್ನು ಕೂಲರ್ ಹೊರಗೆ ಚೆಲ್ಲುತ್ತಿತ್ತು. ಬಿಸಿಯ ಸಿಒಪಿ ಇಳಿದದ್ದು ವಾರದ ವರದಿಯಲ್ಲಿ ಕಂಡಾಗ ಸೂತ್ರ ಬದಲಾಯಿತು. ನೆಲದಿಂದ ಬರುವ ದ್ರವ ಹೊರಗಾಳಿಗಿಂತ 8 ಡಿಗ್ರಿ ಬಿಸಿಯಿದ್ದರೆ ಮಾತ್ರ ಕೂಲರ್ ಶುರು, ಅಂತರ 5ಕ್ಕೆ ಇಳಿದರೆ ಬಂದ್. ಕಟ್ಟಡ ಒಟ್ಟಾರೆ ಬಿಸಿ ಕೇಳುತ್ತಿದ್ದರೆ ಓಡಕೂಡದು. ದ್ರವ 10 ಡಿಗ್ರಿಗಿಂತ ಕೆಳಗಿಳಿದರೂ ಓಡಕೂಡದು. ಜೊತೆಗೆ, ರಾತ್ರಿ ಸದ್ದಿನ ದೂರು ಬಂದದ್ದರಿಂದ ಹತ್ತರ ನಂತರ ಫ್ಯಾನ್ ವೇಗಕ್ಕೆ ಶೇ. 60ರ ಮಿತಿ ಹಾಕಿದರು. ಇದರಿಂದ ಕಳೆದುಕೊಂಡದ್ದನ್ನು ಓಡುವ ಗಂಟೆಗಳನ್ನು ಹೆಚ್ಚಿಸಿ ತುಂಬಿಕೊಂಡರು.

ಫಲಿತಾಂಶ

ಮೊದಲ ವರ್ಷ ಕೂಲರ್ 3.4 ಲಕ್ಷ ಯುನಿಟ್ ಹೊರಹಾಕಿತು. ಕಟ್ಟಡದಿಂದ ನೆಲಕ್ಕೆ ಮಿಗುತ್ತಿದ್ದದ್ದು ಈಗ 2.52 ಲಕ್ಷ, ಹಾಗಾಗಿ ನೆಲ ವರ್ಷಕ್ಕೆ 88 ಸಾವಿರ ಯುನಿಟ್ ಕಳೆದುಕೊಳ್ಳತೊಡಗಿತು, ಅಂಚಿನಿಂದ ಸೋರುವುದು ಬೇರೆ. ಅದೇ 60 ಗಂಟೆಯ ಪರೀಕ್ಷೆಯನ್ನು ಮುಂದಿನ ಎರಡು ವರ್ಷ ಅದೇ ಕಾಲಕ್ಕೆ, ಅದೇ ಹನ್ನೆರಡು ಬೋರ್‌ಗಳಲ್ಲಿ ಮಾಡಿದರು. ಸರಾಸರಿ 24.6ರಿಂದ 22.6ಕ್ಕೆ, ಆಮೇಲೆ 21ಕ್ಕೆ ಬಂತು. ಬೇಸಿಗೆಯಲ್ಲಿ ಬರುವ ದ್ರವದ ಗರಿಷ್ಠ ತಾಪ 31, ನಂತರ 29.5. ಹೊರಡುವ ದ್ರವದ ಮಿತಿಯನ್ನು 40ಕ್ಕೇ ಮರಳಿಸಿದರು. ಒಂದು ಯಂತ್ರವೂ ನಿಲ್ಲಲಿಲ್ಲ.

ವಿದ್ಯುತ್ತಿನ ಉಳಿತಾಯವನ್ನು ಹಿಗ್ಗಿಸಿ ಹೇಳುವುದು ಸರಿಯಲ್ಲ. ಕಂಪ್ರೆಸರ್‌ಗಳು ತಂಪಿಗೆ ಬಳಸುತ್ತಿದ್ದ 1.14 ಲಕ್ಷ ಯುನಿಟ್ 77 ಸಾವಿರಕ್ಕೆ ಇಳಿಯಿತು. ಕೂಲರ್ ಫ್ಯಾನ್ ಮತ್ತು ರಾತ್ರಿಯ ಪಂಪಿಂಗ್ ಅದರಲ್ಲಿ 20 ಸಾವಿರ ತಿಂದುಹಾಕಿತು. ನಿವ್ವಳ ಉಳಿತಾಯ 17 ಸಾವಿರ, ಅದರಲ್ಲೂ ಬಹುಪಾಲು ಹೊರೆ ಇಳಿಸಿದ್ದರಿಂದ ಬಂದದ್ದು. ಕೂಲರ್ ಕೊಟ್ಟದ್ದು ಬೇಸಿಗೆಯ ಮಧ್ಯಾಹ್ನ ನಿಲ್ಲದೆ ಓಡುವ ಯಂತ್ರಗಳನ್ನು, ಮುಂದಿನ ವರ್ಷಗಳಿಗೂ ಬಳಕೆಗೆ ಉಳಿಯುವ ನೆಲವನ್ನು.

ಬೇರೆಯವರು ಎತ್ತಿಕೊಳ್ಳಬಹುದಾದದ್ದು

ವಿನ್ಯಾಸದ ವರದಿ ಓದುವಾಗ ಕಟ್ಟಡದ ಹೊರೆಯನ್ನಲ್ಲ, ನೆಲದ ಹೊರೆಯನ್ನು ಕೇಳಿ. ಕಂಪ್ರೆಸರ್ ವಿದ್ಯುತ್ತನ್ನು ಸರಿಯಾದ ಕಡೆಗೆ ಸೇರಿಸಿದ್ದಾರೆಯೇ ನೋಡಿ. ಶಾಖ ಪ್ರತಿಕ್ರಿಯೆಯ ಪರೀಕ್ಷೆ ನೆಲ ಶಾಖವನ್ನು ಎಷ್ಟು ಬೇಗ ಒಯ್ಯುತ್ತದೆ ಎಂದು ಹೇಳುತ್ತದೆ, ವರ್ಷದ ಕೊನೆಗೆ ಎಷ್ಟು ಮಿಗುತ್ತದೆ ಎಂದು ಹೇಳುವುದಿಲ್ಲ. ಮೂಲೆಯ ಬೋರ್‌ನಲ್ಲಿ ಸೆನ್ಸರ್ ಇಟ್ಟರೆ ಅದು ಯಾವಾಗಲೂ ಒಳ್ಳೆಯ ಸುದ್ದಿಯನ್ನೇ ಕೊಡುತ್ತದೆ. ಕ್ಷೇತ್ರದ ನಟ್ಟನಡುವಿನ ಬೋರ್‌ನಲ್ಲಿ, ಗ್ರೌಟ್ ತುಂಬುವ ಮೊದಲು, ಮೂರು ಆಳಗಳಲ್ಲಿ ಸೆನ್ಸರ್ ಇಳಿಸಿ. ಎರಡೂ ದಿಕ್ಕು ಎಣಿಸುವ, ಗ್ಲೈಕಾಲ್ ಮಿಶ್ರಣಕ್ಕೆ ಹೊಂದಿಸಿದ ಶಾಖ ಮೀಟರನ್ನು ಲೂಪಿನ ಮೇಲೆ ಕೂರಿಸಿ. ಪರದೆಯ ಮೇಲೆ ಈ ವರ್ಷದ ಗರಿಷ್ಠ ತಾಪದ ಪಕ್ಕದಲ್ಲೇ ಹೋದ ವರ್ಷದ್ದೂ ಕಾಣಲಿ. ಎರಡನೇ ಬೇಸಿಗೆ ಮುಗಿದ ಕೂಡಲೇ ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರೆ ಈ ಕಟ್ಟಡದಲ್ಲಿ ಇಡೀ ಒಂದು ವರ್ಷ ಮೊದಲೇ ಕೆಲಸ ಶುರುವಾಗುತ್ತಿತ್ತು.

ನೆಲವನ್ನು ಮತ್ತೆ 16 ಡಿಗ್ರಿಗೆ ಇಳಿಸುವ ಉದ್ದೇಶ ಈಗ ಇಲ್ಲ. ನೆಲ ಬೆಚ್ಚಗಿದ್ದರೆ ಚಳಿಗಾಲದ ಸಿಒಪಿ ಚೆನ್ನಾಗಿರುತ್ತದೆ. ಪೂರ್ತಿ ತಣಿಸಲು ಫ್ಯಾನ್ ಓಡಿಸುವುದು ಆ ಲಾಭವನ್ನು ಹೊರಗೆ ಚೆಲ್ಲಿದಂತೆ. ಬೇಸಿಗೆ ಮುಗಿದಾಗಿನ ಸರಾಸರಿ 19 ಡಿಗ್ರಿಯನ್ನು ಗುರಿಯಾಗಿ ಇಟ್ಟುಕೊಂಡಿದ್ದಾರೆ. ಅಲ್ಲಿಗೆ ಬಂದ ವರ್ಷದಿಂದ ಕೂಲರ್‌ನ ಗಂಟೆಗಳನ್ನು ಆ ವರ್ಷ ನೆಲದಲ್ಲಿ ಮಿಕ್ಕ ಶಾಖಕ್ಕೆ ಸರಿಯಾಗಿ ಇಳಿಸಲಾಗುವುದು.